ನೀರು ಕುಡಿದ ಬ್ಯಾಟರಿಯನ್ನು ಹುಡುಕಿಕೊಂಡು ಹೂಗ್ಯಂಗೆ

ಕೊಳ್ಳೇಗಾಲದ ಬಸ್ಸು ಮೈಸೂರಿನಿಂದ ಬೆಳಿಗ್ಗೆ ಆರೂಕಾಲಿಗೆ ಹೊರಟಿತು. ಮಾರ್ಚ್ ತಿಂಗಳ ಕೊನೆ. ಅಷ್ಟು ಹೊತ್ತಿಗೇ ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟುತ್ತಿತ್ತು. ಮಂಡಿ ನೋವೆಂದು ಮನೆಯಿಂದ ಹೊರಡುವಾಗ ಧಾರಾಳವಾಗಿ ಮುಲಾಮು ತಿಕ್ಕಿಕೊಂಡಿದ್ದೆ, ಅದರ ಘಾಟಿಗೆ ಪಕ್ಕದ ಸೀಟಿನಾಕೆ ಕಿಟಕಿ ತೆಗೆದಳು. ಹೆಂಗಸಾದ್ದರಿಂದ ನನಗೆ ಪ್ರಯಾಣ ಉಚಿತ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟರು. ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡು ಬಸ್ಸಿನಲ್ಲಿ ಎಲ್ಲಿಗೆ ಹೊರಟೆ ಎಂದು ನಮ್ಮ ಯಜಮಾನರು ಕೇಳಿದ್ದರು. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೋಡಿ ಬರುತ್ತೇನೆ ಎಂದಿದ್ದೆ. ಆ ಕಾರಿನ ವಿಷಯದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು.

ಮೊದಲನೆಯದನ್ನೂ ಹೇಳಿಬಿಡುತ್ತೇನೆ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಳಾದವಳು ನಾನು. ನಮ್ಮ ಬೀದಿಗೆ ಮೊದಲು ಎಲೆಕ್ಟ್ರಿಕ್ ಕಾರು ತಂದವಳೂ ನಾನೇ. ಬಡಾವಣೆಯ ಮಹಿಳಾ ಸಂಘದಲ್ಲಿ ‘ಹೊಗೆಯಿಲ್ಲದ ಕಾರು’ ಎಂದು ಭಾಷಣವನ್ನೂ ಮಾಡಿದ್ದೆ. ಹೋದ ಅಕ್ಟೋಬರಿನ ಒಂದು ಜೋರು ಮಳೆಯಲ್ಲಿ, ‘ಬೇಡ ಕಣೆ, ನೀರು ಜಾಸ್ತಿ ಇದೆ’ ಎಂದು ಯಜಮಾನರು ಹೇಳುತ್ತಿದ್ದಂತೆಯೇ ಕಾರನ್ನು ರೈಲ್ವೆ ಅಂಡರ್‌ಪಾಸಿಗೆ ಇಳಿಸಿದೆ. ಎರಡು ಗಂಟೆ ಕಾಲ ಚರಂಡಿ ನೀರಿನಲ್ಲಿ ಸೀಟಿನ ತನಕ ಮುಳುಗಿ ನಿಂತಿತು. ಹೊಸ ಬ್ಯಾಟರಿ ಹಾಕಿಸಬೇಕಾಯಿತು. ಹಳೆಯದನ್ನು ನಮಗೇ ಬಿಡಿ, ಸರಿಯಾದ ಕಡೆ ಕಳಿಸುತ್ತೇವೆ ಎಂದು ಸರ್ವಿಸ್ ಸೆಂಟರಿನವರು ಹೇಳಿದರು. ನಾನು ಒಪ್ಪಲಿಲ್ಲ. ಕೊಳ್ಳೇಗಾಲದಲ್ಲಿ ನಂಜುಂಡ ಎಂಬ ಮೆಕ್ಯಾನಿಕ್ ಇದ್ದಾನೆ, ಹಳೆಯ ಕಾರಿನ ಬ್ಯಾಟರಿ ಬಿಚ್ಚಿ ಹಳ್ಳಿಗಳಿಗೆ ಯುಪಿಎಸ್ ಮಾಡಿಕೊಡುತ್ತಾನೆ ಎಂದು ಯಾರೋ ಹೇಳಿದ್ದರು. ಕಸವಾಗುವುದು ಯಾರದೋ ಮನೆಯ ದೀಪವಾಗುತ್ತದೆ. ಆತ ಕೊಡುವ ಹಣ ನನಗೆ ಮುಖ್ಯವಾಗಿರಲಿಲ್ಲ; ಸಂಘದಲ್ಲಿ ಹೇಳಿಕೊಳ್ಳಲು ಕಥೆಯೊಂದು ಬೇಕಾಗಿತ್ತು.

ನಂಜುಂಡ ಬಂದು ಬ್ಯಾಟರಿಯನ್ನು ಸುತ್ತ ನೋಡಿ, ‘ನೀರು ಗೀರು ನುಗ್ಗಿತ್ತಾ ಮೇಡಂ?’ ಎಂದು ಕೇಳಿದ. ಯಜಮಾನರು ಮನೆಯಲ್ಲಿರಲಿಲ್ಲ. ‘ಇಲ್ಲಪ್ಪ, ಹಳೆಯದಾಯಿತು, ಅಷ್ಟೇ’ ಎಂದೆ. ಅಂಡರ್‌ಪಾಸಿಗೆ ಕಾರು ಇಳಿಸಿದ ಪೆದ್ದಿ ನಾನು ಎಂದು ಒಬ್ಬ ಮೆಕ್ಯಾನಿಕ್ ಮುಂದೆ ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಐದು ತಿಂಗಳು ಕಳೆದವು. ನಾನು ಬಸ್ಸು ಹತ್ತಿದ ಹಿಂದಿನ ಸಂಜೆ ನಂಜುಂಡ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಊದಿಕೊಂಡ ಲೋಹದ ಪೆಟ್ಟಿಗೆ, ತಂತಿ ಕೂಡುವ ಕಡೆ ಹಸಿರು ಬೆರೆತ ಬಿಳಿ ಪುಡಿ. ಜೊತೆಗೆ ಅವನ ದನಿ: ‘ಮೇಡಂ, ನಿಮ್ಮ ಬ್ಯಾಟ್ರಿಲಿ ಒಂದು ಪೆಟ್ಗ ಊದ್ಕಂಡು ಒಗ ಬಂತು. ಇಂಗ್ ಆದದಾ? ನೀವು ಕೆಮಿಸ್ಟ್ರಿ ಮೇಡಂ ಅಲ್ವಾ, ಅದ್ಕೇ ಕೇಳ್ದಿ.’ ಪೆಟ್ಟಿಗೆಯ ಪಕ್ಕದಲ್ಲಿ ಕಂದು ಬಣ್ಣದ ತೆಳು ಗೆರೆ ಕಾಣುತ್ತಿತ್ತು. ಚರಂಡಿ ನೀರು ನಿಂತು ಇಳಿದ ಗುರುತು. ಅವನಿಗೆ ಅದು ಧೂಳು. ನನಗೆ ಗೊತ್ತಾಯಿತು. ಬೆಳಿಗ್ಗೆ ಬರುತ್ತೇನೆ ಎಂದಷ್ಟೇ ಉತ್ತರ ಕಳಿಸಿದೆ.

ತಿರುಮಕೂಡಲು ನರಸೀಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಸೇತುವೆಯ ಕೆಳಗೆ ಹೊಳೆ ಬೇಸಿಗೆಗೆ ಸೊರಗಿತ್ತು. ಕಿಟಕಿಯ ಹೊರಗೆ ಭತ್ತದ ಕೂಳೆ, ತೆಂಗು, ಮತ್ತೆ ಭತ್ತದ ಕೂಳೆ. ನಾನು ಏನನ್ನೂ ಸರಿಯಾಗಿ ನೋಡಲಿಲ್ಲ. ನಂಜುಂಡನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಅರವತ್ತು ಕಿಲೋಮೀಟರು ಮುಗಿದರೂ ಮಾತು ಮುಗಿದಿರಲಿಲ್ಲ.

ಕೊಳ್ಳೇಗಾಲದಲ್ಲಿ ನಂಜುಂಡನ ಅಂಗಡಿ ನೇಕಾರರ ಬೀದಿಯೊಂದರ ಕೊನೆಯಲ್ಲಿದೆ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ನಂಜುಂಡ ಮೂವತ್ತೈದರ ಆಸುಪಾಸಿನ ಮನುಷ್ಯ, ಸಣ್ಣಗೆ ಉದ್ದಕ್ಕಿದ್ದಾನೆ, ಮಾತು ಮೆಲ್ಲಗೆ. ಹೊಗೆ ಬಂದ ಪೆಟ್ಟಿಗೆಯನ್ನು ಬೀದಿಯಾಚೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಮರಳು ತುಂಬಿ ಹೂತಿಟ್ಟಿದ್ದ. ಬಂದ ತಕ್ಷಣ ಇಡ್ಲಿ ತರಿಸಿದ. ನಾನು ಮುಟ್ಟಲಿಲ್ಲ.

‘ನನ್ನ ಬೆಸುಗೆಯೇ ಸರಿ ಬಂದಿಲ್ಲ ಅನ್ಸುತ್ತೆ ಮೇಡಂ’ ಎಂದ. ‘ನಿಮ್ಮ ಬ್ಯಾಟ್ರಿನ ಮೂರು ಭಾಗ ಮಾಡ್ದಿ. ಮೇಲಿನ ಸಾಲಲ್ಲಿ ಅರ್ಧ ನನ್ನ ಅಂಗ್ಡಿಗ, ಅರ್ಧ ಯಳಂದೂರಲ್ಲಿ ಒಬ್ರು ಜೆರಾಕ್ಸ್ ಅಂಗ್ಡಿಗ. ಕೆಳಗಿನ ಸಾಲು ಪೂರ್ತಿ ಹೂಗ್ಯಂಗ ಕೊಟ್ಟಿ, ಮಾದಮ್ಮ ಅಂತ, ರೇಷ್ಮ ಉಳ ಸಾಕ್ತರ. ಬ್ಯಾಸ್ಗೇಲಿ ಫ್ಯಾನ್ ನಿಂತ್ರ ಉಳ ಉಳಿಯಲ್ಲ. ಅದ್ಕ ಚೆನ್ನಾಗಿ ಚಾರ್ಜ್ ಇಡ್ಕಳೋದ ಅವ್ರಿಗೇ ಕೊಟ್ಟಿ.’

ಕೆಳಗಿನ ಸಾಲು. ಕಾರಿನ ಹೊಟ್ಟೆಯೊಳಗೆ ಎಲ್ಲಕ್ಕಿಂತ ಕೆಳಗಿದ್ದದ್ದು, ನೀರು ಮೊದಲು ಮುಟ್ಟಿ ಕೊನೆಗೆ ಬಿಟ್ಟದ್ದು. 

‘ಎಲ್ಲನೂ ವಾಪಸ್ ತಂದ್ಬುಡ್ತೀನಿ. ಯಳಂದೂರು ಹತ್ರ, ಈಗಲೇ ಓಗಿ ಬತ್ತೀನಿ. ಹೂಗ್ಯಂಗೆ ನಾಳ. ಮಾದಮ್ಮ ಫೋನ್ ತಗೀತಿಲ್ಲ, ಉಳ ಅಣ್ಣಾಗೋ ಟೈಮು, ಶೆಡ್ಡಿಗ ಫೋನ್ ತಕಂಡೋಗಲ್ಲ ಅವ್ರು.’

ಆಗ ಹೇಳಬೇಕಾಗಿತ್ತು. ಬಾಯಿ ತೆರೆದೆ, ‘ನಾನೂ ಬರ್ತೀನಿ’ ಎಂದೆ. ಅದರಿಂದ ಎರಡು ಗಂಟೆ ಹಾಳಾಯಿತು. 

ಅವನ ಲಗೇಜ್ ಆಟೋದಲ್ಲಿ ಯಳಂದೂರಿಗೆ ಹೊರಟೆವು. ದಾರಿಯುದ್ದಕ್ಕೂ ಕುಂತೂರಿನ ಸಕ್ಕರೆ ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರೈಲರು. ಅವನ್ನು ದಾಟಿ ಯಳಂದೂರು ಮುಟ್ಟುವ ಹೊತ್ತಿಗೆ ಒಂಬತ್ತೂವರೆ. ಜೆರಾಕ್ಸ್ ಅಂಗಡಿಯ ಪುಟ್ಟಸ್ವಾಮಿ ಐವತ್ತು ದಾಟಿದ ದಪ್ಪ ಮನುಷ್ಯ. ಪಹಣಿ, ಆಧಾರ್ ಹಿಡಿದುಕೊಂಡು ನಾಲ್ಕೈದು ಜನ ಮುಂದೆ ನಿಂತಿದ್ದರು. ಕರೆಂಟ್ ಇರಲಿಲ್ಲ. ಯಂತ್ರ ನನ್ನ ಬ್ಯಾಟರಿಯ ಮೇಲೆ ಓಡುತ್ತಿತ್ತು.

‘ಚೆನ್ನಾಗೇ ಓಡ್ತಾ ಅದಲ್ಲ, ಯಾಕ್ ಬಿಚ್ಚೀಯೆ?’ ಎಂದು ಪುಟ್ಟಸ್ವಾಮಿ ರೇಗಿದರು. ನಂಜುಂಡ ಕೈಯಿಂದ ಪೆಟ್ಟಿಗೆ ಮುಟ್ಟಿ ನೋಡಿದ. ನಾನೂ ಮುಟ್ಟಿದೆ. ಬೆಚ್ಚಗಿತ್ತು, ಒಂದು ಬದಿ ಉಬ್ಬಿತ್ತು.

‘ನನ್ನ ಕೈತಪ್ಪು ಸಾ’ ಎಂದ ನಂಜುಂಡ. ‘ಬೆಸುಗೆ ಸರಿ ಆಕಿಲ್ಲ. ಸಂಜಿಗ ಬ್ಯಾರೆ ಬ್ಯಾಟ್ರಿ ತಂದ್ ಕೊಡ್ತೀನಿ.’

‘ಕೈತಪ್ಪಂತೆ! ಬರದಿದ್ಮೇಲ ಯಾಕ್ಲಾ ಇಂಥ ಕೆಲ್ಸಕ್ಕ ಕೈ ಆಕ್ತಿ? ನನ್ನ ಅಂಗ್ಡಿಗ ಬೆಂಕಿ ಬಿದ್ದಿದ್ರೆ?’ ಮುಂದೆ ನಿಂತಿದ್ದವರೆಲ್ಲ ನಂಜುಂಡನನ್ನೇ ನೋಡಿದರು. ಅವನು ತಲೆ ತಗ್ಗಿಸಿಕೊಂಡು ತಂತಿ ಬಿಚ್ಚುತ್ತಿದ್ದ. ಆ ಕೆಲಸದಲ್ಲಿ ಅವನಿಗೆ ಹೆಸರಿತ್ತು. ಹೆಸರು ನನ್ನ ಕಣ್ಣೆದುರೇ ಹೋಗುತ್ತಿತ್ತು, ನಾನು ಕೈಚೀಲ ಹಿಡಿದುಕೊಂಡು ನಿಂತಿದ್ದೆ.

ಊರು ದಾಟಿದ ಮೇಲೆ ಒಂದು ಹುಣಸೆ ಮರದ ಹತ್ತಿರ ಆಟೋ ನಿಲ್ಲಿಸು ಎಂದೆ. ಬಸ್ಸಿನಲ್ಲಿ ಜೋಡಿಸಿದ್ದ ಯಾವ ಮಾತೂ ಬರಲಿಲ್ಲ. ‘ನಂಜುಂಡ, ನಿನ್ನ ಬೆಸುಗೆ ಸರಿಯಾಗಿದೆ. ಕಾರು ನೀರಲ್ಲಿ ಮುಳುಗಿತ್ತು. ನಾನು ಸುಳ್ಳು ಹೇಳಿದೆ.’

ಅವನು ಎಂಜಿನ್ ಆಫ್ ಮಾಡಿದ. ‘ಎಲ್ಲಿಗಂಟ?’

‘ಸೀಟಿನ ತನಕ.’

‘ಎಷ್ಟೊತ್ತು?’

‘ಎರಡು ಗಂಟೆ.’

 ‘ನಾನು ಕೇಳಿದ್ದಿ ಮೇಡಂ’ ಎಂದ. ಬೈದಿದ್ದರೆ ವಾಸಿಯಿತ್ತು. ಆಮೇಲೆ ಜೇಬಿನಿಂದ ಫೋನ್ ತೆಗೆದು ಮಾದಮ್ಮನಿಗೆ ಕರೆ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ‘ಕೆಳಗಿನ ಸಾಲು’ ಎಂದು ತನಗೇ ಹೇಳಿಕೊಂಡು ಗಾಡಿ ಹೊರಡಿಸಿದ.

ಕೊಳ್ಳೇಗಾಲದಲ್ಲಿ ಯಳಂದೂರಿನ ಪೆಟ್ಟಿಗೆಯನ್ನು ಮರಳಿಗೆ ಸೇರಿಸಿ, ನಾಲ್ಕು ಚೀಲ ಒಣ ಮರಳು, ಒಂದು ಸನಿಕೆ, ದಪ್ಪ ಕೈಗವಸು, ಟಾರ್ಪಾಲು ಹಾಕಿಕೊಂಡೆವು. ಅಲ್ಲಿಂದ ಹನೂರಿಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಹನ್ನೆರಡರ ಬಿಸಿಲು. ಹನೂರಿನಲ್ಲಿ ಇಳಿಯಲಿಲ್ಲ. ರಾಮಾಪುರದ ದಾರಿಯಲ್ಲಿ ಊರುಗಳು ತೆಳ್ಳಗಾಗುತ್ತ ಹೋದವು, ಗುಡ್ಡಗಳು ಹತ್ತಿರ ಬಂದವು. ಎಲೆ ಉದುರಿ ಕಾಡು ಒಣಗಿ ನಿಂತಿತ್ತು. ನಂಜುಂಡ ಪ್ರತಿ ಊರಿನ ಹತ್ತಿರ ಫೋನ್ ನನಗೆ ಕೊಟ್ಟು ‘ಇನ್ನೊಂದ್ಸಲ ಮಾಡಿ’ ಎನ್ನುತ್ತಿದ್ದ. ಕೊನೆಗೆ ಸಿಗ್ನಲ್ ಕೂಡ ಹೋಯಿತು.

ಆ ದಾರಿಯಲ್ಲಿ ನನಗೆ ನನ್ನ ಭಾಷಣವೇ ನೆನಪಾಗುತ್ತಿತ್ತು. ಬ್ಯಾಟರಿಗೆ ಬೇಕಾದ ಲೋಹಗಳನ್ನು ದೂರದ ದೇಶಗಳ ಗಣಿಗಳಲ್ಲಿ ಬಡವರು ಅಗೆಯುತ್ತಾರೆ, ಅದು ನೈತಿಕ ಪ್ರಶ್ನೆ, ನಾವು ಯೋಚಿಸಬೇಕು ಎಂದು ಗಂಭೀರವಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ದೂರದ ದೇಶದ ಬಗ್ಗೆ ಯೋಚಿಸುವುದು ಸುಲಭ. ನಮ್ಮ ಮನೆಯಿಂದ ನೂರಿಪ್ಪತ್ತು ಕಿಲೋಮೀಟರು ದೂರದ ಈ ಶೆಡ್ಡಿನ ಬಗ್ಗೆ ನಾನು ಯೋಚಿಸಿರಲಿಲ್ಲ.

ಹೂಗ್ಯಂ ತಲುಪಿದಾಗ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಮಾದಮ್ಮನ ಹುಳದ ಮನೆ ಊರಿನಿಂದ ಸ್ವಲ್ಪ ಆಚೆ, ಹಿಪ್ಪುನೇರಳೆ ತೋಟದ ನಡುವೆ ಇದೆ. ಉದ್ದನೆಯ ಶೆಡ್ಡು, ಮೇಲೆ ತೆಂಗಿನ ಗರಿ ಹೊದಿಸಿದ ಶೀಟು, ಕಿಟಕಿಗಳಿಗೆ ತೊಟ್ಟಿಕ್ಕುವ ಒದ್ದೆ ಗೋಣಿಪರದೆ. ಹೊಗೆ ಕಾಣಲಿಲ್ಲ. 

ಬಾಗಿಲಲ್ಲಿ ಮಾದಮ್ಮ ಬಂದರು. ನಲವತ್ತರ ಹೆಂಗಸು, ತಲೆಗೆ ಬಟ್ಟೆ ಕಟ್ಟಿದ್ದರು, ಕಾಲು ಒದ್ದೆಯಾಗಿತ್ತು. ‘ಏನ್ ನಂಜುಂಡಣ್ಣ, ಇವತ್ತೇ ಬಂದ್ರಿ? ಉಳ ಅಣ್ಣಾಗ್ಬುಟ್ಟವ, ಚಂದ್ರಿಕೆಗ ಬುಡ್ತಾ ಇವ್ನಿ, ಮಾತಾಡಕೂ ಪುರ್ಸೊತ್ತಿಲ್ಲ.’ ಹಣ್ಣಾದ ಹುಳ ಎಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಜಾಗ ಹುಡುಕುವ ಹುಳ. ಅದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಬಿಡಬೇಕು. ಒಂದು ತಿಂಗಳ ದುಡಿಮೆ ಆ ಒಂದು ದಿನದ ಮೇಲೆ ನಿಂತಿರುತ್ತದೆ. ಗದ್ದಲ ಆಗಬಾರದು, ಹೊಗೆ ಬರಬಾರದು, ವಾಸನೆ ಸುಳಿಯಬಾರದು.

ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಮಾದಮ್ಮ ಕೈ ಅಡ್ಡ ಹಿಡಿದರು. ‘ಏನೋ ಆಕಂಡಿದೀರಿ ನೀವು, ಘಮ್ ಅಂತದ.’

‘ಮಂಡಿಗೆ ಮುಲಾಮು.’

‘ಅಲ್ಲೇ ನಿಂತ್ಕಳಿ ಕಣವ್ವ. ಒಳಕ್ಕ ಬರಂಗಿಲ್ಲ.’

ಹೀಗೆ, ಆ ಬ್ಯಾಟರಿಯೊಳಗೆ ಏನಾಗುತ್ತಿದೆ ಎಂದು ಗೊತ್ತಿದ್ದ ಒಬ್ಬಳೇ ಒಬ್ಬಳು ಅಂಗಳದಲ್ಲಿ ನಿಲ್ಲಬೇಕಾಯಿತು. ನಂಜುಂಡ ಸುಣ್ಣದ ನೀರಿನಲ್ಲಿ ಕೈಕಾಲು ತೊಳೆದು ಒಳಗೆ ಹೋದ. ಶೆಡ್ಡಿನ ಪಕ್ಕದಿಂದ ಸುತ್ತಿ ನಾನು ಹಿಂದಿನ ಕಿಟಕಿಗೆ ಹೋಗಿ ಪರದೆಯ ಸಂದಿಯಿಂದ ಇಣುಕಿದೆ. ಬ್ಯಾಟರಿ ಆ ಕಿಟಕಿಯ ಕೆಳಗೇ, ಒಳಮೂಲೆಯಲ್ಲಿತ್ತು. ಅದರ ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಕೆಳಗೆ ನೀರು ನಿಂತಿತ್ತು.

‘ಗೋಣಿ ಯಾರು ಹಾಕಿದ್ದು?’ ಎಂದು ಕೂಗಿದೆ.

‘ನಾನೇ’ ಎಂದರು ಮಾದಮ್ಮ. ‘ಮೂರು ದಿವ್ಸದಿಂದ ಬಿಸಿ ಆಯ್ತಿತ್ತು. ಸೆಕ ಆದ್ರೆ ಉಳಕ್ಕೂ ಇಂಗೇ ಮಾಡೋದು, ಗೋಣಿ ನೆನ್ಸಿ ಆಕಿ, ವತ್ತಾರ ಒಂದ್ಸಲ ಸಂಜ ಒಂದ್ಸಲ ನೀರ್ ಉಯ್ಯೋದು. ಇದ್ಕೂ ಮಾಡ್ದಿ. ತಣ್ಗಾಯ್ತಿತ್ತಲ್ಲ!’

ಅವರು ತಿಳಿದದ್ದೆಲ್ಲ ಸರಿಯಿತ್ತು. ಸೆಕೆಗೆ ಒದ್ದೆ ಗೋಣಿ ಎಂಬುದು ಆ ಮನೆಯಲ್ಲಿ ಎಂದೂ ಸುಳ್ಳಾಗದ ಉಪಾಯ. ಆದರೆ ಆಗಲೇ ತುಕ್ಕು ತಿಂದ ತಂತಿಗಳ ಮೇಲೆ ದಿನಕ್ಕೆರಡು ಬಾರಿ ನೀರು ಬಿದ್ದಿತ್ತು. ನಂಜುಂಡ ಗೋಣಿ ಎತ್ತಿದ. ಪೆಟ್ಟಿಗೆಗಳು ಪೂರಿಯಂತೆ ಉಬ್ಬಿದ್ದವು. ಒಳಗಿಂದ ಸಣ್ಣಗೆ ಸುಯ್ ಎಂಬ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತರೂ ಭಯ, ಜೋರಾದರೂ ಭಯ.

‘ಈಗಲೇ ಹೊರಗೆ ತೆಗೀಬೇಕು’ ಎಂದೆ.

‘ಆಗಲ್ಲ’ ಎಂದರು ಮಾದಮ್ಮ. ಬಾಗಿಲಿಗೆ ಹೋಗಬೇಕಾದರೆ ಶೆಡ್ಡಿನ ಉದ್ದಕ್ಕೂ ಹುಳದ ಸಾಲುಗಳ ನಡುವೆ ಹೊತ್ತೊಯ್ಯಬೇಕು. ‘ಬೆಳಗ್ಗ ಬನ್ನಿ. ಈಗ ಫ್ಯಾನ್ ನಿಲ್ಸಂಗಿಲ್ಲ. ಇಷ್ಟ್ ದಿವ್ಸ ತಡೆದದ, ಒಂದ್ ರಾತ್ರಿ ತಡಿಯಲ್ವಾ?’

‘ಒಂದು ಗಂಟೆಯೂ ತಡೆಯಲ್ಲಮ್ಮ.’

‘ನಿಮ್ಗೆಂಗ್ ಗೊತ್ತು? ಬ್ಯಾಟ್ರಿ ಕೊಟ್ಟೋರು ನಂಜುಂಡಣ್ಣ. ನೀವ್ಯಾರು?’

ನಂಜುಂಡ ಕಿಟಕಿಯತ್ತ ನೋಡಿದ.  ಪರದೆ ಸರಿಸಿ, ಬಲೆಯ ಆಚೆಯಿಂದ ನಾನೇ ಹೇಳಿದೆ. ಇದು ನನ್ನ ಕಾರಿನ ಬ್ಯಾಟರಿ. ಚರಂಡಿ ನೀರಲ್ಲಿ ಮುಳುಗಿತ್ತು. ನಂಜುಂಡ ಕೇಳಿದರೂ ಹೇಳಲಿಲ್ಲ. ಅದು ಸುಡುತ್ತದೆ, ಹೊಗೆ ವಿಷ.

ಮಾದಮ್ಮ ಕಿಟಕಿಯ ಹತ್ತಿರ ಬಂದರು. ಅವರ ಅಂಗೈ ಮೇಲೆ ಹೊಂಬಣ್ಣದ ಒಂದು ಹುಳವಿತ್ತು. ಮರೆತು ಹಿಡಿದುಕೊಂಡೇ ಬಂದಿದ್ದರು. ‘ಕೊಡುವಾಗ್ಲೇ ಗೊತ್ತಿತ್ತಾ, ಆಮೇಲ್ ಗೊತ್ತಾಯ್ತಾ?’

‘ಕೊಡುವಾಗಲೇ.’

ಮಾದಮ್ಮ ಹುಳವನ್ನು ಚಂದ್ರಿಕೆಯ ಮೇಲೆ ಜೋಪಾನವಾಗಿ ಬಿಟ್ಟರು. ಆಮೇಲೆ ಸೊಪ್ಪು ಕುಯ್ಯುವ ಕುಡುಗೋಲು ತೆಗೆದುಕೊಂಡು ಕಿಟಕಿಯ ಬಲೆಯನ್ನು ಮೇಲಿಂದ ಕೆಳಗಿನ ತನಕ ಹರಿದರು. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಒಳಗೆ ಬರದಂತೆ ಕಟ್ಟಿದ್ದ ಬಲೆ ಅದು. ‘ಇದ್ರಲ್ಲಿ ತಗೀರಿ. ಉಳದ ಮಧ್ಯ ಬ್ಯಾಡ’ ಎಂದರು. ತೋಟದ ಕಡೆ ಮುಖ ಮಾಡಿ, ‘ಬನ್ನೀಯೆ ಇಲ್ಲಿ, ಸೊಪ್ಪು ಬುಟ್ಟು ಬನ್ನಿ!’ ಎಂದು ಗಂಡನನ್ನು ಕರೆದರು.

ಗಂಡ ಮುರುಗೇಶ ಓಡಿಬಂದ. ತಮಿಳು ಮನೆಮಾತಿನವನು. ಅವನೂ ನಂಜುಂಡನೂ ಕೈಗವಸು ಹಾಕಿ, ತಂತಿ ಕಳಚಿ, ಪೆಟ್ಟಿಗೆಯನ್ನು ಕಿಟಕಿಗೆ ಎತ್ತಿದರು. ಫ್ಯಾನು ನಿಂತಿತು. ಶೆಡ್ಡಿನಲ್ಲಿ ಅಲ್ಲಿಯ ತನಕ ಕೇಳದ ಸದ್ದು ಕೇಳಿಸಿತು, ಸಾವಿರಾರು ಹುಳಗಳು ಬಿದಿರಿನ ಮೇಲೆ ಹರಿದಾಡುವ ಸರಸರ. ಹೊರಗೆ ಹಲಗೆಯ ಮೇಲೆ ಇಳಿಸಿ ಟಾರ್ಪಾಲಿಗೆ ಜಾರಿಸಿದರು. ‘ಸೀಕ್ರಂ, ಸೀಕ್ರಂ’ ಎನ್ನುತ್ತಾ ಮುರುಗೇಶ ಅವಸರ ಮಾಡುತ್ತಿದ್ದ. ನೂರು ಹೆಜ್ಜೆ ದೂರದಲ್ಲಿ ಒಣಗಿದ ಹಳ್ಳ. ಅದರ ಮರಳಿಗೆ ಎಳೆದು ಹಾಕಬೇಕು.

ಎಂಬತ್ತು ಹೆಜ್ಜೆ ಎಳೆದಿದ್ದೆವು. ಸುಯ್ ಎಂಬ ಸದ್ದು ನಿಂತಿತು.

‘ಬಿಡಿ! ಬಿಟ್ಟು ಓಡಿ!’ ಎಂದು ಕಿರುಚಿದೆ. ಅವರು ಬಿಟ್ಟರು. ಪೆಟ್ಟಿಗೆಯ ಒಂದು ಮೂಲೆ ಬಿರಿದು ಬಿಳಿ ಹೊಗೆ ನುಗ್ಗಿತು, ಹಿಂದೆಯೇ ಬೆಂಕಿ. ಉಗುರಿಗೆ ಹಚ್ಚುವ ಬಣ್ಣದಂಥ ಸಿಹಿ ವಾಸನೆ. ಗಾಳಿ ಗುಡ್ಡದ ಕಡೆಯಿಂದ ಬೀಸುತ್ತಿತ್ತು. ಹೊಗೆ ನೆಲ ಹಿಡಿದು ಶೆಡ್ಡಿನ ಕಡೆಗೇ ಹೊರಟಿತು.

ಮಾದಮ್ಮ ಅದನ್ನು ನೋಡಿದ ಕೂಡಲೇ ಒದ್ದೆ ಗೋಣಿಗಳನ್ನು ಹರಿದ ಕಿಟಕಿಗೆ ತುರುಕತೊಡಗಿದರು. ಮುರುಗೇಶ ಓಡಿಹೋಗಿ ಉಳಿದ ಕಿಟಕಿ ಮುಚ್ಚಿದ. ನಂಜುಂಡ ಸನಿಕೆ ಹಿಡಿದು ಹೊಗೆಯೊಳಗೇ ಮರಳು ಎರಚಲು ಹೋದ. ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ನನ್ನ ಮಂಡಿ ಅಷ್ಟು ಜೋರಾಗಿ ಓಡಬಲ್ಲದು ಎಂದು ನನಗೇ ಗೊತ್ತಿರಲಿಲ್ಲ. ‘ಗಾಳಿ ಬೆನ್ನಿಗೆ ಬರೋ ಹಾಗೆ ನಿಲ್ಲು. ಆ ಹೊಗೆ ಕುಡೀಬೇಡ.’ ಗಾಳಿಯ ಮೇಲ್ಬದಿಗೆ ಸುತ್ತಿಬಂದು ಇಬ್ಬರೂ ಸರದಿಯಲ್ಲಿ ಮರಳು ಹಾಕಿದೆವು. ಒಂದು ಪೆಟ್ಟಿಗೆ ಆರಿದರೆ ಪಕ್ಕದ್ದು ಹತ್ತಿಕೊಳ್ಳುತ್ತಿತ್ತು. ನಾಲ್ಕು ಚೀಲವೂ ಮುಗಿದು ಹಳ್ಳದಿಂದ ತಂದು ಹಾಕಿದೆವು. ಮುಕ್ಕಾಲು ಗಂಟೆಯ ಮೇಲೆ ಹೊಗೆ ತೆಳುವಾಯಿತು. ಮೈಸೂರಿನ ನಮ್ಮ ಬೀದಿಯಲ್ಲಿ ಒಂದು ದಿನವೂ ಬಿಡದ ಹೊಗೆಯನ್ನು ನನ್ನ ಕಾರು ಹೂಗ್ಯಂನಲ್ಲಿ ಬಿಟ್ಟಿತು.

ಗಾಳಿ ಪೂರ್ತಿ ತಿಳಿಯಾದ ಮೇಲೆ ಮಾದಮ್ಮ ಒಳಗೆ ಹೋಗಿ ಬಂದರು. ನಾನು ಅಂಗಳದಲ್ಲೇ ಇದ್ದೆ. ‘ಕಿಟ್ಕಿ ಹತ್ರದ ಸಾಲಲ್ಲಿ ಉಳ ತಲೆ ಎತ್ಕಂಡು ಒದ್ದಾಡ್ತವ. ಹಸ್ರು ಕಕ್ಕವ’ ಎಂದರು. ದನಿಯಲ್ಲಿ ಏರಿಳಿತವಿರಲಿಲ್ಲ. ‘ಮಿಕ್ಕಿದ್ದು ಗೂಡು ಕಟ್ತವೋ ಇಲ್ವೋ, ಮೂರು ದಿವ್ಸ ಆಗ್ಬೇಕು.’

ನಷ್ಟವೆಲ್ಲ ನನ್ನದು ಎಂದೆ. ‘ಅದು ಆಮೇಕ’ ಎಂದರು. ಹಳ್ಳದ ಕಡೆ ಕೈ ತೋರಿಸಿದರು. ‘ಮೊದ್ಲು ಅದ್ನ ತಕಂಡೋಗಿ. ಇಲ್ಲಿ ಊಣಬ್ಯಾಡಿ. ಮಳೆಗಾಲದಲ್ಲಿ ಆ ಹಳ್ಳ ತುಂಬ್ತದ, ಆಡು ಕುಡೀತವ, ಕಾಡಿಂದ ಆನೆ ಬತ್ತವ. ಮಣ್ ಸಮೇತ ಬಾಚ್ಕಂಡೋಗಿ.’

ಬಾಚಿದೆವು. ಸುಟ್ಟ ಪೆಟ್ಟಿಗೆಗಳು, ಸುಡದೆ ಉಳಿದ ಮೂರು, ಕಪ್ಪಾದ ಮರಳು, ಕರಗಿದ ಟಾರ್ಪಾಲು. ಮುರುಗೇಶ ಒಂದು ಹಳೆಯ ತಗಡಿನ ಪೆಟ್ಟಿಗೆ ಕೊಟ್ಟ. ಸುಡದವನ್ನು ಅದರಲ್ಲಿ ಒಣ ಮರಳಿನ ನಡುವೆ ಇಟ್ಟೆವು. ಹೊರಡುವಾಗ ಮಾದಮ್ಮ ಬಾಗಿಲಿಗೆ ಬರಲಿಲ್ಲ. ತಿರುಗಿ ನೋಡಿದಾಗ ಹರಿದ ಕಿಟಕಿಗೆ ಒಳಗಿನಿಂದ ಯಾರೋ ಹಳೆ ಸೀರೆ ಬಿಗಿಯುತ್ತಿದ್ದರು.

ಹಿಂದಿರುಗುವ ದಾರಿಯಲ್ಲಿ ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ತಗಡಿನ ಪೆಟ್ಟಿಗೆಗೆ ಕೈಯ ಹಿಂಬದಿ ತಾಗಿಸಿ ನೋಡಿದೆವು. ಹನೂರಿನಲ್ಲಿ ಟೀ ಕುಡಿದೆವು, ಬೋಂಡಾ ತಿಂದೆವು. ಬೆಳಗಿನಿಂದ ಅದೇ ಊಟ. ಅಲ್ಲಿಂದಲೇ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೆಟ್ಟ ಬ್ಯಾಟರಿ ಒಯ್ಯಲು ಬೇರೆ ಗಾಡಿ ಬೇಕು, ವ್ಯವಸ್ಥೆ ಮಾಡುತ್ತೇವೆ, ಅಲ್ಲಿಯ ತನಕ ಗೋಡೆಯಿಂದ ದೂರ, ಮರಳಿನಲ್ಲಿ, ತೇವ ತಾಗದಂತೆ ಇಡಿ ಎಂದರು. ಐದು ತಿಂಗಳ ಹಿಂದೆ ನಾನು ಬೇಡವೆಂದದ್ದು ಇದನ್ನೇ.

‘ನನ್ನ ಅಂಗ್ಡೀಲಿ ಇಡಕ್ಕಾಗಲ್ಲ ಮೇಡಂ’ ಎಂದ ನಂಜುಂಡ. ‘ಎರಡೂ ಕಡೆ ಮಗ್ಗದ ಮನೆ.’

‘ಗೊತ್ತು. ನಮ್ಮನೆಗೆ ನಡಿ. ಕೊಳ್ಳೇಗಾಲದಲ್ಲಿ ಮರಳಲ್ಲಿಟ್ಟಿರೋ ಆ ಎರಡನ್ನೂ ಹಾಕ್ಕೋ.’ ಸ್ವಲ್ಪ ದೂರ ಹೋದ ಮೇಲೆ ಕೇಳಿದೆ: ‘ಪುಟ್ಟಸ್ವಾಮಿಯವರ ನಂಬರ್ ಕೊಡ್ತೀಯಾ? ನಾನೇ ಹೇಳ್ತೀನಿ.’ ಅವನು ನಂಬರ್ ಹೇಳಿದ. ಟಿ. ನರಸೀಪುರದ ಸೇತುವೆ ಬರುವಷ್ಟರಲ್ಲಿ ಪುಟ್ಟಸ್ವಾಮಿಯವರಿಗೆ ಹೇಳಿ ಮುಗಿಸಿದ್ದೆ. ಅವರು ನಂಜುಂಡನಿಗೆ ಬೈದದ್ದಕ್ಕಿಂತ ಎರಡು ಮಾತು ಹೆಚ್ಚಾಗಿಯೇ ನನಗೆ ಬೈದರು. ನಂಜುಂಡ ಕೇಳಿಸಿಕೊಳ್ಳದವನಂತೆ ಗಾಡಿ ಓಡಿಸುತ್ತಿದ್ದ.

ಮನೆ ಮುಟ್ಟಿದಾಗ ಬೀದಿದೀಪ ಹತ್ತಿತ್ತು. ಯಜಮಾನರು ಗೇಟು ತೆಗೆದು, ಮಸಿ ಹತ್ತಿದ ನನ್ನ ಸೀರೆಯನ್ನೂ ಆಟೋದಲ್ಲಿದ್ದ ಚೀಲಗಳನ್ನೂ ನೋಡಿದರು. ‘ರೇಷ್ಮೆ ಸೀರೆ ಎಲ್ಲಿ?’ ಎಂದರು. ಕಾರನ್ನು ಬೀದಿಗೆ ತೆಗೆಯಿರಿ, ಆಮೇಲೆ ಹೇಳುತ್ತೇನೆ ಎಂದೆ. ಹೊಸ ಬ್ಯಾಟರಿಯ ಕಾರು ಬೀದಿಗೆ ಬಂತು. ನಾಲ್ಕು ಕಂಬದ ಮೇಲಿನ ಅದರ ಶೀಟಿನ ಕೆಳಗೆ, ಮನೆಗೋಡೆಯಿಂದ ಆದಷ್ಟು ಆಚೆ, ಹಳೆಯದು ಮರಳಿನ ನಡುವೆ ಕೂತಿತು. ಹೂಗ್ಯಂನ ಕಪ್ಪು ಮಣ್ಣಿನ ಚೀಲಗಳೂ ಅದರ ಪಕ್ಕದಲ್ಲೇ ಕೂತವು. ಬಡಾವಣೆಯವರು ಕೇಳಿದರೆ ಏನು ಹೇಳುತ್ತೀಯ ಎಂದರು ಯಜಮಾನರು. ಇದ್ದದ್ದನ್ನೇ ಎಂದೆ.

ಮೂರು ದಿನ ನನ್ನ ಕಿವಿ ಫೋನಿನ ಮೇಲಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಾದಮ್ಮನೇ ಮಾಡಿದರು.

‘ಕಿಟ್ಕಿ ಹತ್ರದ ಎರಡು ಸಾಲು ಕಟ್ನಿಲ್ಲ ಕಣವ್ವ, ಸತ್ತೋದೊ. ಮಿಕ್ಕವು ಕಟ್ಟವ. ಗೂಡು ಗಟ್ಟಿಯಾಗೇ ಅವ.’

 ಆ ಎರಡು ಸಾಲಿನ ಲೆಕ್ಕ ಹೇಳಿ, ಈವತ್ತೇ ಕಳಿಸುತ್ತೇನೆ ಎಂದೆ. ಹೇಳುತ್ತೇನೆ ಎಂದರು. ಫೋನ್ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ.

‘ಆ ಪೆಟ್ಗ ಎಲ್ಲಿ ಮಡ್ಗಿದೀರಿ?’

‘ನಮ್ಮ ಮನೇಲೇ. ಕಾರು ನಿಲ್ಲಿಸೋ ಜಾಗದಲ್ಲಿ. ಒಯ್ಯೋ ಗಾಡಿ ಇನ್ನೂ ಬಂದಿಲ್ಲ.’

‘ಬಿಸಿ ಆದದಾ?’

‘ಒಂ‍ದು ಸ್ವಲ್ಪ ಬೆಚ್ಚಗಿದೆ.’

 ಮಾದಮ್ಮ, ನೆರೆಮನೆಯವಳಿಗೆ ಹೇಳುವ ಹಾಗೆ, ಹೇಳಿದರು:

‘ನೀರ್ ಉಯ್ಬುಟ್ಟೀರಿ ಮತ್ತ, ಜ್ವಾಪಾನ ಕಣವ್ವ.’